ನಾಗರಿಕತೆ ಕಟ್ಟುವ ಆಟ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿವಿಲೈಸೇಷನ್ ಅನ್ನುವ ಕಂಪ್ಯೂಟರ್ ಆಟವನ್ನು ನಾನು ಬಹಳ ವರ್ಷಗಳಿಂದ ಆಡುತ್ತಿದ್ದೇನೆ. ಧಾರವಾಡದ ನಮ್ಮ ಓಣಿಯ ಹುಡುಗರು, ಹುಬ್ಬಳ್ಳಿಯ ನೆಂಟರ ಮಕ್ಕಳು, ಅವರ ಅಪ್ಪ-ಅಮ್ಮ, ಗದಗಿನಿಂದ ಪತ್ರ ಬರೆದ ಒಬ್ಬ ಮಾಸ್ತರು, ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಅಂಕಿಗಳೆಲ್ಲ ಆಟದ ಆರನೇ ಭಾಗದವು. ಅದರ ಜೊತೆಗೆ 2018 ಮತ್ತು 2019ರಲ್ಲಿ ಬಂದ ಎರಡು ಹೆಚ್ಚುವರಿ ಕಂತುಗಳೂ ಇವೆ ಅಂತ ಇಟ್ಟುಕೊಳ್ಳಿ.

ಎರಡು ಪದ ಮೊದಲೇ ಹೇಳಿಬಿಡುತ್ತೇನೆ. ಟರ್ನ್ ಅನ್ನುವುದಕ್ಕೆ ನಮ್ಮ ಕಡೆಯ ಹಾಗೆ ಪಾಳಿ ಅನ್ನುತ್ತೇನೆ. ನಕ್ಷೆಯ ಮೇಲಿನ ಆರು ಮೂಲೆಯ ತುಣುಕಿಗೆ, ಪಗಡೆ ಹಾಸಿನ ಹಾಗೆ, ಮನೆ ಅನ್ನುತ್ತೇನೆ.

## ಶುರು ಮಾಡುವ ಮೊದಲು

ಇದು ಎಂಥಾ ಆಟ ರೀ? ಬರೀ ಹೊಡೆದಾಟ ಐತೇನು?

ಅಲ್ಲ. ಕ್ರಿಸ್ತಪೂರ್ವ 4000ರಲ್ಲಿ, ಇನ್ನೂ ಏನೂ ಕಾಣದ ನಕ್ಷೆಯ ಮೇಲೆ ನಿಮ್ಮನ್ನು ತಂದು ಬಿಡುತ್ತಾರೆ. ಕೈಯಲ್ಲಿ ಊರು ಕಟ್ಟುವ ಒಂದು ತಂಡ (ಆಟದಲ್ಲಿ ಅದರ ಹೆಸರು ಸೆಟ್ಲರ್), ಕಾವಲಿಗೆ ಒಬ್ಬ ಯೋಧ, ಅಷ್ಟೇ. ಅಲ್ಲಿಂದ ಊರು ಕಟ್ಟಿ, ಹೊಲ ಮಾಡಿ, ಅಕ್ಷರ ಕಲಿತು, ಹಡಗು ಬಿಟ್ಟು, ಕೊನೆಗೆ ರಾಕೆಟ್ ಹಾರಿಸುವವರೆಗೆ ಹೋಗಬಹುದು. ಯುದ್ಧ ಇದೆ, ಆದರೆ ಅದು ಒಂದು ದಾರಿ ಮಾತ್ರ. ಒಂದು ಊರನ್ನೂ ಕಿತ್ತುಕೊಳ್ಳದೆ ನಾನು ಎಷ್ಟೋ ಸಲ ಗೆದ್ದಿದ್ದೇನೆ.

ಕೈಚಳಕ ಬೇಕಿಲ್ಲ. ನಿಮ್ಮ ಪಾಳಿಯಲ್ಲಿ ಎಷ್ಟು ಹೊತ್ತಾದರೂ ಯೋಚನೆ ಮಾಡಬಹುದು. ನೀವು ಮುಗಿಸಿದ ಮೇಲೆ ಉಳಿದವರ ಪಾಳಿ ನಡೆಯುತ್ತದೆ. ನಡುವೆ ಎದ್ದು ಊಟ ಮಾಡಿ ಬಂದರೂ ಆಟ ಅಲ್ಲೇ ನಿಂತಿರುತ್ತದೆ.

ಯಾವ ಭಾಗದಿಂದ ಶುರು ಮಾಡ್ಲಿ? ಏಳನೇದು ಹೊಸದು ಅಲ್ವಾ?

ಹೌದು. ಮೊದಲನೆಯದು 1991ರಲ್ಲಿ ಬಂತು, ಸಿಡ್ ಮೈಯರ್ ಅವರದು. ಆರನೇದು 2016ರಲ್ಲಿ, ಏಳನೇದು 2025ರಲ್ಲಿ. ಆದರೂ ಹೊಸಬರಿಗೆ ನಾನು ಹೇಳುವುದು ಆರನೇದನ್ನೇ. ಅದು ತುಂಬ ಸಲ ದೊಡ್ಡ ರಿಯಾಯಿತಿಯಲ್ಲಿ ಸಿಗುತ್ತದೆ. ಮಾಮೂಲಿ ಕಂಪ್ಯೂಟರಲ್ಲೂ ನಡೆಯುತ್ತದೆ. ಏನಾದರೂ ಅರ್ಥವಾಗದಿದ್ದರೆ ಹೇಳಿಕೊಡುವವರು ಸಾಕಷ್ಟು ಜನ ಇದ್ದಾರೆ. ಏಳನೇ ಭಾಗದಲ್ಲಿ ಆಟ ಮೂರು ಯುಗಗಳಾಗಿ ಒಡೆದಿದೆ, ಯುಗ ಬದಲಾದಾಗ ನಿಮ್ಮ ನಾಗರಿಕತೆಯೂ ಬದಲಾಗುತ್ತದೆ. ಮೊದಲ ಸಲ ಆಡುವವರಿಗೆ ಅದು ಗೊಂದಲ. ಒಂದೇ ನಾಡನ್ನು ಮೊದಲಿಂದ ಕೊನೆಯವರೆಗೆ ಕಟ್ಟಿದ ಅನುಭವ ಮೊದಲು ಆಗಲಿ.

ದುಡ್ಡು ಕೊಡದೆ ಆಡಾಕ ಆಗ್ತೈತೇನ್ರಿ? ನನ್ನ ಕಡೆ ಹಳೇ ಲ್ಯಾಪ್‌ಟಾಪ್ ಅಷ್ಟ ಐತಿ

ಆಗುತ್ತದೆ, ಅದೂ ಕದಿಯದೆ. ಫ್ರೀಸಿವ್ ಅಂತ ಒಂದು ಆಟ ಇದೆ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಶುರು ಮಾಡಿದ್ದು, 1996ರಲ್ಲಿ ಮೊದಲು ಹೊರಬಂತು. ಇವತ್ತಿಗೂ ಉಚಿತ. ಎಷ್ಟು ಹಳೇ ಯಂತ್ರವಾದರೂ ಎಳೆಯುತ್ತದೆ. ಫೋನ್ ಮಾತ್ರ ಇದ್ದರೆ ಅನ್‌ಸಿವ್ ಹಾಕಿಕೊಳ್ಳಿ. ಅದು ಐದನೇ ಭಾಗದ ನಿಯಮಗಳನ್ನೇ ಇಟ್ಟುಕೊಂಡು ಮಾಡಿದ ಉಚಿತ ಆಟ. ಚಿತ್ರಗಳು ಸಾದಾ, ಆದರೆ ಯೋಚನೆ ಪೂರ್ತಿ ಅದೇ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ರಾತ್ರಿ ರೈಲಿನಲ್ಲಿ ನಾನು ಆಡುವುದು ಅದನ್ನೇ.

ಆರನೇ ಭಾಗಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, 8 ಇದ್ದರೆ ಆರಾಮ. ಸ್ಟೀಮ್ ಅನ್ನುವ ಇಂಟರ್ನೆಟ್ ಅಂಗಡಿಯಲ್ಲಿ ಕೊಂಡರೆ, 14 ದಿನದ ಒಳಗೆ ಮತ್ತು 2 ತಾಸಿಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಈ ಆಟದಲ್ಲಿ 2 ತಾಸು ಹೋಗಿದ್ದೇ ತಿಳಿಯುವುದಿಲ್ಲ. ಹಾಗಾಗಿ ಮೊದಲ ಅರ್ಧ ತಾಸಿನಲ್ಲೇ ಲ್ಯಾಪ್‌ಟಾಪ್ ಕಾಯುತ್ತಿದೆಯಾ, ಎಲ್ಲಾದರೂ ನಿಲ್ಲುತ್ತಿದೆಯಾ ನೋಡಿಕೊಳ್ಳಿ. ಕದ್ದ ಪ್ರತಿ ಮಾತ್ರ ಬೇಡ. ಉಚಿತ ಆಟ ಎರಡು ಇರುವಾಗ ವೈರಸ್ ಯಾಕೆ ಮನೆಗೆ ತರಬೇಕು?

ನಂಗ ಇಂಗ್ಲಿಷ್ ಅಷ್ಟಾಗಿ ಬರಂಗಿಲ್ಲ. ಆಡಬಹುದಾ?

ಆರನೇ ಭಾಗ ಕನ್ನಡದಲ್ಲಿಲ್ಲ. ಆದರೆ ದಿನಾ ಬೇಕಾಗುವ ಮಾತು ಬಹಳ ಕಡಿಮೆ, ಜೊತೆಗೆ ಬಣ್ಣ ಇದೆ. ಹಸಿರು ಅಂದರೆ ಆಹಾರ. ಕಿತ್ತಳೆ ಬಣ್ಣದ ಹಲ್ಲುಗಾಲಿ ಅಂದರೆ ಪ್ರೊಡಕ್ಷನ್, ಅಂದರೆ ಊರಿನ ದುಡಿಮೆ. ಹಳದಿ ನಾಣ್ಯ ದುಡ್ಡು. ನೀಲಿ ಸೈನ್ಸ್, ನೇರಳೆ ಕಲ್ಚರ್, ಬಿಳಿ ಭಕ್ತಿ. ಈ ಆರು ಗೊತ್ತಾದರೆ ಪರದೆ ಅರ್ಧ ಓದಿದ ಹಾಗೆ. ನಮ್ಮ ಅಣ್ಣನ ಮಗ ಏಳನೇ ಇಯತ್ತೆಯಲ್ಲಿದ್ದಾಗ ಬಣ್ಣ ನೋಡಿಯೇ ಆಡುತ್ತಿದ್ದ. ಒಂದು ಬೇಸಿಗೆ ರಜೆಯಲ್ಲಿ ಪದಗಳೂ ಬಂದವು.

ಒಂದು ಆಟ ಮುಗಿಯಾಕ ಎಷ್ಟು ಹೊತ್ತು ಬೇಕ್ರಿ? ನನ್ನ ಮಗಂದು ಪರೀಕ್ಷಾ ಐತಿ

ಅಮ್ಮಂದಿರ ಪ್ರಶ್ನೆ ಇದು, ಸರಿಯಾದ ಪ್ರಶ್ನೆ. ಸ್ಟ್ಯಾಂಡರ್ಡ್ ವೇಗದಲ್ಲಿ ಆಟ 500 ಪಾಳಿ. ಒಂದು ಸಂಜೆಯಲ್ಲಿ ಮುಗಿಯುವ ಮಾತೇ ಅಲ್ಲ, ವಾರಗಟ್ಟಲೆ ಹಿಡಿಯಬಹುದು. ಆನ್‌ಲೈನ್ ಅನ್ನುವ ವೇಗ ಆರಿಸಿದರೆ 250 ಪಾಳಿಗೆ ಇಳಿಯುತ್ತದೆ. ಹೆಸರು ಆನ್‌ಲೈನ್ ಅಂತಿದ್ದರೂ ಒಬ್ಬರೇ ಆಡುವಾಗಲೂ ಇಟ್ಟುಕೊಳ್ಳಬಹುದು. ನಕ್ಷೆಯನ್ನೂ ಸಣ್ಣದು ಮಾಡಿ.

ಈ ಆಟದ ಅಪಾಯ "ಇನ್ನೊಂದೇ ಪಾಳಿ" ಅನ್ನುವುದು. ಪ್ರತಿ ಪಾಳಿಯಲ್ಲೂ ಏನೋ ಒಂದು ಮುಗಿಯುವುದರಲ್ಲಿರುತ್ತದೆ, ಅದಕ್ಕೇ ಏಳಲು ಮನಸ್ಸಾಗುವುದಿಲ್ಲ. "ಒಂದು ತಾಸು ಆಡು" ಅಂದರೆ ಮಕ್ಕಳು ಕೇಳುವುದು ಕಷ್ಟ. "30 ಪಾಳಿ ಆಡು, ಆಮೇಲೆ ಸೇವ್ ಮಾಡು" ಅನ್ನಿ. ಪಾಳಿಯ ಲೆಕ್ಕ ಪರದೆಯ ಮೇಲೆಯೇ ಕಾಣುತ್ತದೆ, ಜಗಳ ಬರುವುದಿಲ್ಲ. ನಮ್ಮ ಮನೆಯಲ್ಲಿ ಇದೇ ನಡೆದುಕೊಂಡು ಬಂದಿದೆ.

ಕರೆಂಟ್ ಹ್ವಾದ್ರ ಆಟ ಹೋತೇನು?

ಇಲ್ಲ. ಆಟ ತಾನೇ ಸೇವ್ ಆಗುತ್ತಿರುತ್ತದೆ. ಎಷ್ಟು ಪಾಳಿಗೊಮ್ಮೆ ಅನ್ನುವುದನ್ನು ಆಯ್ಕೆಗಳಲ್ಲಿ 1 ಅಂತ ಇಟ್ಟುಬಿಡಿ.

ಯಾವ ದೇಶ ತಗೋಬೇಕು? ಭಾರತ ತಗೋಳ್ಲ್ಯಾ?

ಮೊದಲ ಆಟಕ್ಕೆ ರೋಮ್ ಸುಲಭ. ಟ್ರಾಜನ್ ದೊರೆಯಾಗಿ ಆಡಿದರೆ ಪ್ರತಿ ಹೊಸ ಊರಿಗೂ ಶುರುವಿನಲ್ಲೇ ಒಂದು ಮಾನ್ಯುಮೆಂಟ್, ಅಂದರೆ ಸ್ಮಾರಕ, ಸುಮ್ನೆ ಸಿಗುತ್ತದೆ. ರಾಜಧಾನಿಯಿಂದ ತುಂಬ ದೂರವಿಲ್ಲದಿದ್ದರೆ ದಾರಿಯೂ ತಾನೇ ಬೀಳುತ್ತದೆ. ಏನೂ ನೆನಪಿಟ್ಟುಕೊಳ್ಳಬೇಕಿಲ್ಲ.

ಆದರೆ ಎರಡನೇ ಆಟ ಭಾರತದ್ದೇ ಆಡಿ, ಅದಕ್ಕೊಂದು ಕಾರಣ ಇದೆ. ಆರನೇ ಭಾಗದಲ್ಲಿ ಭಾರತಕ್ಕೆ ಮಾತ್ರ ಸಿಗುವ ಒಂದು ಕಟ್ಟೋಣ ಮೆಟ್ಟಿಲು ಬಾವಿ. ಒಂದು ಆಹಾರ, ಒಂದು ವಸತಿ ಕೊಡುತ್ತದೆ. ಪಕ್ಕದಲ್ಲಿ ಹೊಲ ಇದ್ದರೆ ಆಹಾರ ಜಾಸ್ತಿ, ಪಕ್ಕದಲ್ಲಿ ಗುಡಿ ಇದ್ದರೆ ಭಕ್ತಿ ಜಾಸ್ತಿ. ಈ ನಿಯಮ ಓದಿದಾಗ ನನಗೆ ಲಕ್ಕುಂಡಿ ಕಣ್ಣಮುಂದೆ ಬಂತು. ಗದಗಿನಿಂದ ಸ್ವಲ್ಪವೇ ದೂರ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಹೇಳುವ ಊರು. ಮಾಣಿಕೇಶ್ವರ ಗುಡಿಗೆ ಅಂಟಿಕೊಂಡೇ ಮುಸುಕಿನ ಬಾವಿ ಇದೆ. ಮೆಟ್ಟಿಲು ಇಳಿಯುತ್ತಾ ಹೋದರೆ ಎರಡೂ ಕಡೆ ಸಣ್ಣ ಸಣ್ಣ ಗೂಡುಗಳು, ಕೆಳಗೆ ನೀರು, ಬೇಸಿಗೆಯಲ್ಲೂ ಕಲ್ಲು ತಣ್ಣಗೆ. ಆಟದಲ್ಲಿ ಬಾವಿಯನ್ನು ಗುಡಿಯ ಪಕ್ಕ ಯಾಕೆ ಇಡಬೇಕು ಅಂತ ಕೇಳಿದ ಮಕ್ಕಳನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದೆ. ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಗಾಂಧೀಜಿ ಈ ಆಟದಾಗ ಅಣುಬಾಂಬ್ ಹಾಕ್ತಾರಂತ, ಖರೇ ಏನ್ರಿ?

ಅರ್ಧ ಖರೆ. 1991ರ ಆಟದಲ್ಲಿ ಲೆಕ್ಕದ ತಪ್ಪಿನಿಂದ ಗಾಂಧೀಜಿಯ ಶಾಂತ ಸ್ವಭಾವ ತಿರುಗಿ ಉಗ್ರವಾಗುತ್ತಿತ್ತು ಅಂತ ಒಂದು ಕತೆ ಎಲ್ಲೆಡೆ ಹರಡಿದೆ. ಅಂಥ ತಪ್ಪು ಇರಲೇ ಇಲ್ಲ ಅಂತ ಸಿಡ್ ಮೈಯರ್ ಅವರೇ 2020ರಲ್ಲಿ ತಮ್ಮ ನೆನಪುಗಳಲ್ಲಿ ಬರೆದರು. ಐದನೇ ಭಾಗದಲ್ಲಿ ಮಾತ್ರ ಅಣುಬಾಂಬಿನ ಕಡೆಗೆ ಅವರ ಒಲವನ್ನು ಬೇಕೆಂದೇ ಹೆಚ್ಚು ಇಟ್ಟಿದ್ದರು. ನನಗದು ಇಷ್ಟವಾಗಲಿಲ್ಲ. ಮಕ್ಕಳ ಜೊತೆ ಆಡುವಾಗ ನಾನು ಚಂದ್ರಗುಪ್ತನನ್ನು ಆರಿಸಿಕೊಳ್ಳುತ್ತೇನೆ.

## ಮೊದಲ ಐವತ್ತು ಪಾಳಿ

ಮೊದಲ ಊರು ಎಲ್ಲಿ ಕಟ್ಟಬೇಕ್ರಿ?

ನೀರು ಇರುವಲ್ಲಿ. ಇಡೀ ಆಟದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇಲ್ಲ, ಅದೂ ಮೊದಲ ಪಾಳಿಯಲ್ಲೇ ಬರುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಊರಿನಲ್ಲಿ ಎಷ್ಟು ಜನ ಇರಬಹುದು ಅನ್ನುವುದಕ್ಕೆ ವಸತಿ ಅಂತ ಒಂದು ಮಿತಿ ಇದೆ. ಹೊಳೆ ಅಥವಾ ಕೆರೆಯ ದಂಡೆಯಲ್ಲಿ ಊರು ಕಟ್ಟಿದರೆ ಶುರುವಿಗೇ 5 ವಸತಿ. ಸಮುದ್ರದ ದಂಡೆಯಾದರೆ 3. ನೀರೇ ಇಲ್ಲದಿದ್ದರೆ 2. ರಾಜಧಾನಿಗೆ ಅರಮನೆಯಿಂದ ಇನ್ನೊಂದು ಸೇರುತ್ತದೆ. ಮಿತಿಗೆ ಒಂದೇ ಬಾಕಿ ಇರುವಾಗ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ. ಮಿತಿ ಮುಟ್ಟಿದ ಮೇಲೆ ಕಾಲು ಭಾಗ ಮಾತ್ರ.

ಅಣ್ಣನ ಮಗನ ಮೊದಲ ಆಟ ನನ್ನ ಪಕ್ಕದಲ್ಲೇ ನಡೆಯಿತು. ಅವನಿಗೆ ಒಂದು ಹಸಿರು ಬಯಲು ಇಷ್ಟವಾಯಿತು. ಹೊಳೆ ಎರಡೇ ಮನೆ ಆಚೆ. "ಇಲ್ಲೇ ಚಂದ ಕಾಣ್ತದ ಕಾಕಾ" ಅಂದ. ನಾನು ಸುಮ್ಮನಿದ್ದೆ. ಊರು ಮೂರು ಜನಕ್ಕೆ ಬಂದು ಅಲ್ಲೇ ಕುಂತುಬಿಟ್ಟಿತು. ಪಕ್ಕದ ನಾಡಿನ ರಾಜಧಾನಿ ಆಗಲೇ ಏಳಕ್ಕೆ ಹೋಗಿತ್ತು. ಅವನು ಹೊಳೆಯನ್ನೂ ಊರನ್ನೂ ಬೆರಳಿಟ್ಟು ಅಳೆದ. ಎರಡು ಮನೆ. ನಲ್ಲಿ ನೀರಿಗೆ ದಿನ ಎಣಿಸುವ ಊರಿನವರು ನಾವು, ಆ ಎರಡು ಮನೆಯ ಬೆಲೆ ಅವನಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಸೆಟ್ಲರ್ ಮೇಲೆ ಒತ್ತಿದಾಗ ನೆಲಕ್ಕೆ ಬಣ್ಣ ಬರುತ್ತದೆ. ಗಾಢ ಹಸಿರು ಅಂದರೆ ಸಿಹಿನೀರು, ತಿಳಿ ಹಸಿರು ಅಂದರೆ ಸಮುದ್ರ, ಬೂದು ಅಂದರೆ ನೀರಿಲ್ಲ, ಕೆಂಪು ಅಂದರೆ ಕಟ್ಟುವ ಹಾಗಿಲ್ಲ. ಗಾಢ ಹಸಿರಿನಲ್ಲೇ ಗುಡ್ಡದ ಮೇಲಿನ ಮನೆ ಸಿಕ್ಕರೆ ಇನ್ನೂ ಒಳ್ಳೆಯದು. ಕಾವಲಿಗೆ ಅನುಕೂಲ. ಬಯಲುಸೀಮೆಯ ಗುಡ್ಡವಾದರೆ ಊರ ನಡುಮನೆಗೆ ಒಂದು ಪ್ರೊಡಕ್ಷನ್ ಜಾಸ್ತಿ. ಹಾಗಂತ ಒಳ್ಳೆ ಜಾಗ ಹುಡುಕುತ್ತಾ ಹತ್ತು ಪಾಳಿ ಅಲೆಯಬೇಡಿ. ಎರಡು, ಬಹಳವಾದರೆ ಮೂರು ಪಾಳಿ. ಅಷ್ಟರಲ್ಲಿ ಕಟ್ಟಿಬಿಡಿ.

ಮೊದಲು ಏನು ಮಾಡಿಸಬೇಕು?

ನಾನು ಮಾಡಿಸುವುದು: ಸ್ಕೌಟ್, ಸ್ಲಿಂಗರ್, ಸೆಟ್ಲರ್, ಬಿಲ್ಡರ್. ಸ್ಕೌಟ್ ದಾರಿ ನೋಡುವವ. ಬಿಲ್ಡರ್ ಹೊಲ, ಗಣಿ ಮಾಡುವವ. ಸ್ಲಿಂಗರ್ ಅಂದರೆ ಕವಣೆಯವ. ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುತ್ತಿದ್ದ ಅದೇ ಕವಣೆ. ಸೆಟ್ಲರ್ ಹೊರಟಾಗ ಊರಿನ ಜನ ಒಬ್ಬರು ಕಡಿಮೆಯಾಗುತ್ತಾರೆ, ಆದ್ದರಿಂದ ಊರು ಎರಡಕ್ಕೆ ಬೆಳೆದ ಮೇಲೆ ಮಾಡಿಸಿ. ಹತ್ತಿರದಲ್ಲೇ ಶತ್ರು ಕಂಡರೆ ಬಿಲ್ಡರ್ ಆಮೇಲೆ, ಇನ್ನೊಬ್ಬ ಕವಣೆಯವ ಮೊದಲು.

ಒಂದ ಊರನ್ನ ಚಂದಗೆ ಬೆಳೆಸಿದ್ರ ಸಾಲಂಗಿಲ್ಲೇನು?

ಸಾಲುವುದಿಲ್ಲ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಒಂದು ಊರಿಗೆ ಮನಸ್ಸು ಕೊಟ್ಟು ಅದನ್ನೇ ಸಿಂಗರಿಸುತ್ತಾ ಕೂರುತ್ತಾರೆ. ಅಷ್ಟರಲ್ಲಿ ಸುತ್ತಲಿನ ಒಳ್ಳೆ ಭೂಮಿ ಬೇರೆಯವರ ಪಾಲಾಗುತ್ತದೆ.

100ನೇ ಪಾಳಿಯ ಹೊತ್ತಿಗೆ ಐದಾರು ಊರು ಇರಲಿ. ಎರಡು ಊರುಗಳ ನಡುವೆ ಕನಿಷ್ಠ ಮೂರು ಮನೆ ಬಿಡಲೇಬೇಕು, ಅದು ನಿಯಮ. ಅದಕ್ಕಿಂತ ತುಂಬ ದೂರ ಬಿಡಬೇಡಿ. ಒಂದು ಊರಿನ ಜನ ದುಡಿಯುವುದು ಮೂರು ಮನೆ ದೂರದವರೆಗೆ ಮಾತ್ರ, ಅದರಾಚೆ ಬಿಟ್ಟ ಜಾಗ ಸುಮ್ನೆ ಬೀಳು. ಮೊದಲ ಸೆಟ್ಲರ್‌ಗೆ 80 ಪ್ರೊಡಕ್ಷನ್ ಹಿಡಿಯುತ್ತದೆ, ಆಮೇಲೆ ಒಂದೊಂದಕ್ಕೂ ಬೆಲೆ ಏರುತ್ತದೆ. ಕಲೊನೈಸೇಷನ್ ಅನ್ನುವ ನೀತಿ ಕಾರ್ಡ್ ಹಾಕಿಕೊಂಡರೆ ಸೆಟ್ಲರ್ ಮಾಡಿಸುವಾಗ ಪ್ರೊಡಕ್ಷನ್ 50 ಪರ್ಸೆಂಟ್ ಜಾಸ್ತಿಯಾಗುತ್ತದೆ.

ಒಂದು ಎಚ್ಚರಿಕೆ. ನಿಮ್ಮ ಊರುಗಳಿಂದ ದೂರ, ಬೇರೆಯವರ ದೊಡ್ಡ ಊರಿನ ಮಗ್ಗುಲಲ್ಲಿ ಕಟ್ಟಿದರೆ ಆ ಊರಿನ ನಿಷ್ಠೆ ಕರಗುತ್ತಾ ಹೋಗುತ್ತದೆ, ಕೊನೆಗೆ ಕೈತಪ್ಪುತ್ತದೆ. ಸೆಟ್ಲರ್ ಹಿಡಿದಾಗ ನೆಲದ ಮೇಲೆ ಕಾಣುವ ನಿಷ್ಠೆಯ ಅಂಕಿ ತುಂಬ ಕೆಳಗಿದ್ದರೆ ಅಲ್ಲಿ ಕಟ್ಟಬೇಡಿ.

ಬಾರ್ಬೇರಿಯನ್ ಮಂದಿ ಬಂದು ಎಲ್ಲಾ ಹಾಳ ಮಾಡ್ತಾರ. ಎಲ್ಲಿಂದ ಬರ್ತಾರ ಅವರು?

ಬಾರ್ಬೇರಿಯನ್ ಅಂದರೆ ಯಾವ ನಾಡಿಗೂ ಸೇರದ ದಾಳಿಕೋರರು. ಅವರು ಸುಮ್ನೆ ಬರುವುದಿಲ್ಲ. ಮೊದಲು ಅವರ ಸ್ಕೌಟ್ ಒಬ್ಬ ಬಂದು ನಿಮ್ಮ ಊರು ನೋಡುತ್ತಾನೆ. ನೋಡಿದ ಕೂಡಲೇ ಅವನ ತಲೆಯ ಮೇಲೆ ಕೆಂಪು ಆಶ್ಚರ್ಯಸೂಚಕ ಚಿಹ್ನೆ ಬೀಳುತ್ತದೆ. ಅವನು ತಿರುಗಿ ತನ್ನ ಬಿಡಾರ ಮುಟ್ಟಿದ ಮೇಲೆಯೇ ದಂಡು ಹೊರಡುವುದು. ಆ ಚಿಹ್ನೆ ಕಂಡರೆ ಉಳಿದ ಕೆಲಸ ಬಿಟ್ಟು ಅವನ ಹಿಂದೆ ಬೀಳಿ. ಯೋಧ ಒಂದು ಕಡೆಯಿಂದ, ಕವಣೆಯವ ಇನ್ನೊಂದು ಕಡೆಯಿಂದ. ದಾರಿಯಲ್ಲೇ ಮುಗಿಸಿದರೆ ಸುದ್ದಿ ಮುಟ್ಟುವುದಿಲ್ಲ.

ಸುದ್ದಿ ಮುಟ್ಟಿಯೇಬಿಟ್ಟರೆ ಡಿಸಿಪ್ಲಿನ್ ಕಾರ್ಡ್ ಹಾಕಿ, ಬಾರ್ಬೇರಿಯನ್ನರ ಎದುರು ನಿಮ್ಮವರ ಬಲ 5 ಏರುತ್ತದೆ. ಗುಡ್ಡ ಅಥವಾ ಕಾಡಿನಲ್ಲಿ ನಿಂತು ಕಾಯಿರಿ, ತಲಾ 3 ಬಲ ಸೇರುತ್ತದೆ. ಹೊಳೆ ದಾಟಿ ಹೊಡೆಯಲು ಹೋಗಬೇಡಿ, ನಿಮ್ಮದೇ ಬಲ 5 ಕಡಿಮೆಯಾಗುತ್ತದೆ.

ನನ್ನ ಬಿಲ್ಡರ್ ಮಾಯ ಆಗ್ಯಾನ!

ಅವನಿಗೆ ಮೂರೇ ಕೆಲಸ. ಮೂರು ಮುಗಿದ ಮೇಲೆ ಹೋಗುತ್ತಾನೆ. ಹಾಳಾದ ಹೊಲ ರಿಪೇರಿ ಮಾಡಿದರೆ ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯುರೇಕಾ ಅಂತ ಬರ್ತೈತಿ, ಏನದು?

ಮಾಡಿ ಕಲಿತದ್ದಕ್ಕೆ ಸಿಗುವ ಇನಾಮು. ಒಂದೊಂದು ವಿದ್ಯೆಗೂ ಒಂದೊಂದು ಕೆಲಸ ಇಟ್ಟಿದ್ದಾರೆ. ಆ ಕೆಲಸ ಮಾಡಿದರೆ ವಿದ್ಯೆಯ 40 ಪರ್ಸೆಂಟ್ ಕೂಡಲೇ ಕೈಗೆ ಬರುತ್ತದೆ. ಕವಣೆಯವನಿಂದ ಒಬ್ಬ ಶತ್ರುವನ್ನು ಹೊಡೆದರೆ ಬಿಲ್ವಿದ್ಯೆ. ಕಲ್ಲಿನ ಗಣಿ ತೆಗೆದರೆ ಕಟ್ಟಡದ ವಿದ್ಯೆ. ಬೇರೆ ನಾಡಿನವರು ಸಿಕ್ಕರೆ ಬರವಣಿಗೆ. ವ್ಯಾಪಾರಕ್ಕೆ ಗಾಡಿ ಕಳಿಸಿದರೆ ನಾಣ್ಯ. ಇವು ಒಂದಕ್ಕೊಂದು ಹೇಗೆ ಹೊಂದುತ್ತವೆ ನೋಡಿ, ಅಲ್ವಾ? ನನಗೆ ಈ ಆಟದಲ್ಲಿ ತುಂಬ ಇಷ್ಟವಾದ ಭಾಗ ಇದು. ಯುರೇಕಾ ಬರುವ ಹಾಗೆ ಕಾಣುತ್ತಿದ್ದರೆ ಆ ವಿದ್ಯೆಯನ್ನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಓದಿಸಿ ಬದಿಗಿಡಿ. ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ.

## ಊರು ಬೆಳೆಯುವಾಗ

ಡಿಸ್ಟ್ರಿಕ್ಟ್ ಎಲ್ಲಿ ಹಾಕಬೇಕು? ಎಷ್ಟು ಹಾಕಬಹುದು?

ಡಿಸ್ಟ್ರಿಕ್ಟ್ ಅಂದರೆ ಊರಿನ ಒಂದು ಪೇಟೆ. ವಿದ್ಯೆಗೊಂದು, ವ್ಯಾಪಾರಕ್ಕೊಂದು, ದೇವರಿಗೊಂದು. ಒಬ್ಬರು ಇರುವಾಗ ಒಂದು, 4 ಜನಕ್ಕೆ ಎರಡನೇದು, 7ಕ್ಕೆ ಮೂರನೇದು, 10ಕ್ಕೆ ನಾಲ್ಕನೇದು, ಹೀಗೆ.

ಜಾಗ ಮುಖ್ಯ. ವಿದ್ಯೆಯ ಕ್ಯಾಂಪಸ್‌ಗೆ ಪಕ್ಕದ ಪ್ರತಿ ಪರ್ವತದಿಂದ ಒಂದೊಂದು ಸೈನ್ಸ್ ಸೇರುತ್ತದೆ. ವ್ಯಾಪಾರದ ಪೇಟೆ ಹೊಳೆ ದಂಡೆಯಲ್ಲಿದ್ದರೆ 2 ದುಡ್ಡು ಜಾಸ್ತಿ. ಹೋಲಿ ಸೈಟ್, ಅಂದರೆ ದೇವರ ಪೇಟೆಗೂ ಪರ್ವತ ಒಳ್ಳೆಯದು. ಹಾಗಾಗಿ ಪರ್ವತದ ಸಾಲಿನ ಮಡಿಲಲ್ಲಿ ಒಂದೇ ಮನೆ ಖಾಲಿ ಇದ್ದರೆ ಅದು ವಿದ್ಯೆಗೋ ದೇವರಿಗೋ ಅಂತ ಮೊದಲೇ ತೀರ್ಮಾನ ಮಾಡಿ. ನಾನು ವಿದ್ಯೆಗೆ ಕೊಡುತ್ತೇನೆ. ನಕ್ಷೆಯ ಮೇಲೆ ಗುರುತಿನ ಚೀಟಿ ಅಂಟಿಸುವ ಸೌಲಭ್ಯವೂ ಇದೆ. ಊರು ಕಟ್ಟಿದ ದಿನವೇ ಎಲ್ಲಿ ಏನು ಅಂತ ಅಂಟಿಸಿಟ್ಟರೆ ಆಮೇಲೆ ಆ ಜಾಗದಲ್ಲಿ ಹೊಲ ಮಾಡಿ ಪೇಚಾಡುವುದು ತಪ್ಪುತ್ತದೆ.

ಇನ್ನೊಂದು ಗುಟ್ಟು. ನೀವು ವಿದ್ಯೆ ಕಲಿತಷ್ಟೂ ಡಿಸ್ಟ್ರಿಕ್ಟ್ ಬೆಲೆ ಏರುತ್ತದೆ. ಆದರೆ ಜಾಗ ಗುರುತು ಹಾಕಿ ಅಡಿಗಲ್ಲು ಇಟ್ಟ ದಿನದ ಬೆಲೆ ಅಲ್ಲಿಗೇ ನಿಲ್ಲುತ್ತದೆ. ಅವಕಾಶ ಬಂದ ಕೂಡಲೇ ಅಡಿಗಲ್ಲು ಇಟ್ಟು, ಬೇಕಾದರೆ ಬೇರೆ ಕೆಲಸಕ್ಕೆ ಹೋಗಿ, ಆಮೇಲೆ ಬಂದು ಮುಗಿಸಿ.

ಊರಿನ ಮಂದಿ ಬೇಜಾರಾಗ್ಯಾರ ಅಂತ ತೋರಿಸ್ತದ. ಏನು ಮಾಡ್ಲಿ?

ರೇಷ್ಮೆ, ದ್ರಾಕ್ಷಾರಸ, ಮಸಾಲೆ, ಉಪ್ಪು ಇಂಥ ಸುಖದ ಸಾಮಾನು ಬೇಕು. ಒಂದು ಬಗೆಯ ಸಾಮಾನು ನಾಲ್ಕು ಊರಿಗೆ ಒಂದೊಂದು ಖುಷಿ ಕೊಡುತ್ತದೆ. ಅದೇ ಬಗೆ ಎರಡು ಇದ್ದರೆ ಎರಡನೇದರಿಂದ ನಿಮ್ಮ ಜನಕ್ಕೆ ಏನೂ ಇಲ್ಲ. ಅದನ್ನು ನೆರೆಯ ನಾಡಿಗೆ ಕೊಟ್ಟು ಅವರಲ್ಲಿರುವ ಬೇರೆ ಬಗೆ ತೆಗೆದುಕೊಳ್ಳಿ.

ವ್ಯಾಪಾರದ ಗಾಡಿ ಎಲ್ಲಿಗೆ ಕಳಿಸಬೇಕು?

ಶುರುವಿನಲ್ಲಿ ನಿಮ್ಮದೇ ಊರಿಂದ ಊರಿಗೆ. ಗಾಡಿ ಹೊರಟ ಊರಿಗೆ ಆಹಾರವೂ ಪ್ರೊಡಕ್ಷನ್ನೂ ಬರುತ್ತದೆ. ಅಂದರೆ ಬಡ ಊರಿನಿಂದ ಹೊರಡಿಸಿ, ದೊಡ್ಡ ಊರಿಗೆ ಕಳಿಸಬೇಕು. ಹೊಸಬರು ಇದನ್ನು ತಿರುಗಾ ಮಾಡುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಸುತ್ತಲಿನ ಹಳ್ಳಿಯ ಗಾಡಿಗಳು ಹೋಗಿ, ದುಡ್ಡು ಹಳ್ಳಿಗೆ ಬರುವುದನ್ನು ನೆನೆಸಿಕೊಂಡರೆ ಮರೆಯುವುದಿಲ್ಲ. ಗಾಡಿ ಹೋದಲ್ಲೆಲ್ಲ ದಾರಿಯೂ ಬೀಳುತ್ತದೆ. ಮುಂದೆ ಸೈನ್ಯ ನಡೆಯುವುದೂ ಅದೇ ದಾರಿಯಲ್ಲಿ. ದುಡ್ಡು ಬೇಕಾದಾಗ ಬೇರೆ ನಾಡಿಗೆ ಕಳಿಸಿ.

ವಂಡರ್ ಕಟ್ಟಬೇಕಾ? ಪಿರಮಿಡ್ ಕಟ್ಟಾಕ ಭಾಳ ಆಸೆ

ಆಸೆ ಎಲ್ಲರಿಗೂ ಇರುತ್ತದೆ. ವಂಡರ್ ಅಂದರೆ ಪಿರಮಿಡ್ಡಿನಂಥ ಹೆಸರಾಂತ ಕಟ್ಟಡ. ಒಂದು ವಂಡರ್ ಇಡೀ ಜಗತ್ತಿನಲ್ಲಿ ಒಬ್ಬರಿಗೇ. ನೀವು ಇಪ್ಪತ್ತು ಪಾಳಿ ಕಲ್ಲು ಹೊತ್ತ ಮೇಲೆ ಬೇರೆಯವರು ಮುಗಿಸಿಬಿಟ್ಟರೆ ಆ ಇಪ್ಪತ್ತು ಪಾಳಿ ಹೋದವು. ಅಷ್ಟರಲ್ಲಿ ಇನ್ನೆರಡು ಊರು ಕಟ್ಟಬಹುದಿತ್ತು. ಮೊದಲ ಆಟದಲ್ಲಿ ಒಂದೇ ಒಂದು ಆರಿಸಿಕೊಳ್ಳಿ. ಪಿರಮಿಡ್ ಒಳ್ಳೆಯದೇ, ಪ್ರತಿ ಬಿಲ್ಡರ್‌ಗೂ ಒಂದು ಕೆಲಸ ಜಾಸ್ತಿ ಕೊಡುತ್ತದೆ. ಆದರೆ ಅದಕ್ಕೆ ಮರಳುಗಾಡಿನ ಸಮತಟ್ಟು ನೆಲ ಬೇಕು.

ಹೊಳಿ ದಂಡ್ಯಾಗ ಊರು ಕಟ್ಟು ಅಂದ್ರಿ. ಪ್ರವಾಹ ಬಂದು ಹೊಲ ಎಲ್ಲಾ ಹೋತು!

ಹೋಗುತ್ತದೆ, ಆದರೂ ದಂಡೆ ಬಿಡಬೇಡಿ. 2019ರ ಕಂತಿನಲ್ಲಿ ಪ್ರವಾಹ, ಜ್ವಾಲಾಮುಖಿ, ಬರ ಎಲ್ಲ ಬಂದವು. ಅದೇ ವರ್ಷ ಮಲಪ್ರಭೆ ನರಗುಂದದ ಕಡೆಯ ಊರುಗಳಿಗೆ ನುಗ್ಗಿದ್ದನ್ನು ನಾವೆಲ್ಲ ಕಂಡೆವು. ಹಾಗಾಗಿ ಆಟದ ಪ್ರವಾಹವನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಆಟದಲ್ಲಿ ಹೊಳೆ ಇಳಿದ ಮೇಲೆ ಕೆಲವು ಮನೆಗಳಲ್ಲಿ ಮೆಕ್ಕಲು ಉಳಿದು ಫಸಲು ಏರುತ್ತದೆ, ಆ ಏರಿಕೆ ಹಾಗೇ ನಿಲ್ಲುತ್ತದೆ. ಪ್ರವಾಹದ ಬಯಲಿನಲ್ಲಿ ಹೊಲ ಮಾತ್ರ ಮಾಡಿ, ದುಬಾರಿ ಡಿಸ್ಟ್ರಿಕ್ಟ್ ಇಡಬೇಡಿ. ರಿಪೇರಿಗೆ ಒಬ್ಬ ಬಿಲ್ಡರ್ ಉಳಿಸಿಕೊಳ್ಳಿ. ಮುಂದೆ ಅಣೆಕಟ್ಟು ಕಟ್ಟುವ ವಿದ್ಯೆ ಬರುತ್ತದೆ.

## ನೆರೆಹೊರೆ, ಯುದ್ಧ

ಪಕ್ಕದಾಂವ ಸುಮ್ನ ಯುದ್ಧ ಸಾರಿದ. ನಾ ಏನು ಮಾಡಿದ್ದೆ ಅವಗ?

ಏನೂ ಮಾಡಿರಲಿಕ್ಕಿಲ್ಲ. ನಿಮ್ಮ ಸೈನ್ಯ ಸಣ್ಣದು ಅಂತ ಅವನಿಗೆ ಕಂಡಿರುತ್ತದೆ. ಭೇಟಿಯಾದ ಪಾಳಿಯಲ್ಲೇ 25 ದುಡ್ಡು ಕೊಟ್ಟು ನಿಯೋಗ ಕಳಿಸಿ, ತಡ ಮಾಡಿದರೆ ಆಮೇಲೆ ಒಪ್ಪದಿರಬಹುದು. ಒಬ್ಬೊಬ್ಬ ದೊರೆಗೂ ಒಂದೊಂದು ಸ್ವಭಾವ ಇದೆ. ಅವನ ಚಿತ್ರದ ಮೇಲೆ ಒತ್ತಿದರೆ ಯಾವುದು ಇಷ್ಟ, ಯಾವುದಕ್ಕೆ ಸಿಟ್ಟು ಅಂತ ಬರೆದಿರುತ್ತದೆ. ಅದನ್ನು ಓದದೆ ಆಡುವುದು ಬೀಗರ ಮನೆಗೆ ಹೋಗಿ ಯಾರು ಏನಾಗಬೇಕು ಅಂತ ತಿಳಿಯದೆ ಮಾತಾಡಿದ ಹಾಗೆ.

ಗಡಿಯ ಊರಿನಲ್ಲಿ ಮೂವರು ಬಿಲ್ಲುಗಾರರು, ಸುತ್ತ ಒಂದು ಗೋಡೆ ಇರಲಿ. ಗೋಡೆ ಇದ್ದ ಊರು ತಾನೇ ಬಾಣ ಬಿಡುತ್ತದೆ, ಇಲ್ಲದ ಊರು ಬಿಡುವುದಿಲ್ಲ. ಇಷ್ಟಿದ್ದರೆ ಮೊದಲ ದಾಳಿ ಗೋಡೆಯ ಹೊರಗೇ ನಿಲ್ಲುತ್ತದೆ.

ಹತ್ತು ಮಂದಿ ಬಿಲ್ಲುಗಾರರು ಅದಾರ, ಆದ್ರೂ ಊರು ಬೀಳವಲ್ದು

ಬಿಲ್ಲು ಮನುಷ್ಯರಿಗೆ, ಗೋಡೆಗಲ್ಲ. ಊರಿನ ಮೇಲೆ ಬಾಣ ಬಿಟ್ಟಾಗ ಬಲ ಬಹಳ ಕುಗ್ಗುತ್ತದೆ. ಗೋಡೆಗೆ ಕಲ್ಲೆಸೆಯುವ ಕ್ಯಾಟಪಲ್ಟ್ ಬೇಕು. ಇಲ್ಲವೇ ಬಾಗಿಲು ಗುದ್ದುವ ಬ್ಯಾಟರಿಂಗ್ ರ‍್ಯಾಮ್ ಅನ್ನು ಕತ್ತಿಯವರ ಜೊತೆ ಕಳಿಸಿ. ಒಂದು ಲೆಕ್ಕ ನೆನಪಿರಲಿ: ಎರಡು ಕಡೆಯ ಬಲ ಸಮ ಇದ್ದರೆ ಒಂದು ಹೊಡೆತಕ್ಕೆ 100ರಲ್ಲಿ ಸುಮಾರು 30 ಪೆಟ್ಟು ಬೀಳುತ್ತದೆ. ಹೊಡೆಯುವ ಮೊದಲು ಪರದೆಯೇ ಅಂದಾಜು ತೋರಿಸುತ್ತದೆ, ನೋಡಿ ಒತ್ತಿ. ಊರಿನ ಒಳಗೆ ಹೋಗಿ ಹಿಡಿಯುವುದು ಹತ್ತಿರದಿಂದ ಹೊಡೆಯುವವರಿಂದ ಮಾತ್ರ ಸಾಧ್ಯ, ದೂರದಿಂದ ಹೊಡೆಯುವವರು ಊರು ಹಿಡಿಯಲಾರರು.

## ಗೆಲ್ಲುವುದು

ಗೆಲ್ಲೂದು ಅಂದ್ರ ಹೆಂಗ? ಎಲ್ಲಾರನ್ನೂ ಸೋಲಿಸಬೇಕೇನು?

ಅದು ಒಂದು ಬಗೆ. ಎಲ್ಲರ ಮೂಲ ರಾಜಧಾನಿ ಹಿಡಿದರೆ ಗೆಲುವು. ಇನ್ನೂ ಐದು ಇವೆ: ವಿಜ್ಞಾನ, ಸಂಸ್ಕೃತಿ, ಧರ್ಮ, ರಾಜತಾಂತ್ರಿಕತೆ, ಇದ್ಯಾವುದೂ ಆಗದೆ ಪಾಳಿ ಮುಗಿದರೆ ಅಂಕ.

ಮೊದಲ ಆಟಕ್ಕೆ ವಿಜ್ಞಾನ ಹಿಡಿಯಿರಿ. ದಾರಿ ನೇರ. ಪ್ರತಿ ಊರಲ್ಲೂ ಕ್ಯಾಂಪಸ್, ಅದರೊಳಗೆ ಗ್ರಂಥಾಲಯ, ವಿಶ್ವವಿದ್ಯಾಲಯ. ಮುಂದೆ ಉಪಗ್ರಹ, ಚಂದ್ರನ ಮೇಲೆ ಇಳಿಯುವುದು, ಮಂಗಳದಲ್ಲಿ ನೆಲೆ. ಕೊನೆಗೆ ದೂರದ ಗ್ರಹಕ್ಕೆ ನೌಕೆ, ಅದು 50 ಜ್ಯೋತಿರ್ವರ್ಷ ದಾಟಬೇಕು. ಸಂಸ್ಕೃತಿಯ ಗೆಲುವು ಚಂದ, ಆದರೆ ಪ್ರವಾಸಿಗಳ ಲೆಕ್ಕ ಹೊಸಬರಿಗೆ ತಲೆನೋವು. ಎರಡು ಆಟ ಆದ ಮೇಲೆ ನೋಡಿ.

ಯಾವ ಮಟ್ಟದಾಗ ಆಡಬೇಕು?

ಎಂಟು ಮಟ್ಟ ಇವೆ. ನಾಲ್ಕನೇದು ಪ್ರಿನ್ಸ್, ಅಲ್ಲಿ ನಿಮಗೂ ಕಂಪ್ಯೂಟರಿಗೂ ಸಮ. ಮೊದಲ ಆಟ ಅದಕ್ಕಿಂತ ಒಂದು ಕೆಳಗೆ, ಎರಡನೇದು ಪ್ರಿನ್ಸ್. ಮೇಲಿನ ಮಟ್ಟಗಳಲ್ಲಿ ಕಂಪ್ಯೂಟರಿನ ಬುದ್ಧಿ ಏರುವುದಿಲ್ಲ, ಅದಕ್ಕೆ ಸುಮ್ನೆ ಕೊಡುವ ನೆರವು ಏರುತ್ತದೆ. ಎಲ್ಲಕ್ಕಿಂತ ಮೇಲಿನ ಡೀಟಿಯಲ್ಲಿ ಅದು ಹೆಚ್ಚುವರಿ ಸೆಟ್ಲರ್ ಇಟ್ಟುಕೊಂಡೇ ಶುರು ಮಾಡುತ್ತದೆ. ಅಲ್ಲಿ ಸೋತರೆ ನಿಮಗೆ ಆಡಲು ಬರುವುದಿಲ್ಲ ಅಂತ ಅರ್ಥವಲ್ಲ.

150ನೇ ಪಾಳಿಗೆ ಹಿಂದ ಬಿದ್ದೇನಿ ಕಾಕಾ. ಬಿಟ್ಟು ಹೊಸಾದು ಶುರು ಮಾಡ್ಲ್ಯಾ?

ಬೇಡ. ದಯವಿಟ್ಟು ಒಂದು ಆಟವನ್ನಾದರೂ ಕೊನೆಯವರೆಗೆ ಆಡಿ. ಮೊದಲ 100 ಪಾಳಿಯನ್ನೇ ಐವತ್ತು ಸಲ ಆಡಿದವರನ್ನು ನಾನು ನೋಡಿದ್ದೇನೆ. ಅವರಿಗೆ ಊರು ಶುರು ಮಾಡಲು ಬರುತ್ತದೆ, ನಡೆಸಲು ಬರುವುದಿಲ್ಲ. ಕಾರ್ಖಾನೆ ಬಂದ ಮೇಲೆ ಏನಾಗುತ್ತದೆ, ಕಲ್ಲಿದ್ದಲು ಸುಟ್ಟರೆ ಸಮುದ್ರ ಯಾವಾಗ ಏರುತ್ತದೆ, 40ನೇ ಪಾಳಿಯಲ್ಲಿ ಜಾಗ ತಪ್ಪಿಸಿ ಇಟ್ಟ ಕ್ಯಾಂಪಸ್ 300ನೇ ಪಾಳಿಯಲ್ಲಿ ಎಷ್ಟು ಬೆಲೆ ತೆಗೆದುಕೊಳ್ಳುತ್ತದೆ, ಇದೆಲ್ಲ ಕೊನೆಯವರೆಗೆ ಹೋದವರಿಗೇ ಕಾಣುವುದು.

ಹೊಳೆಯಿಂದ ಎರಡು ಮನೆ ದೂರ ಊರು ಕಟ್ಟಿದ ನಮ್ಮ ಹುಡುಗ ಆ ಆಟವನ್ನು ಬಿಡಲಿಲ್ಲ. ಹೊಲ ಹೆಚ್ಚಿಸಿ ಸ್ವಲ್ಪ ವಸತಿ ಮಾಡಿಕೊಂಡ, ಆಮೇಲೆ ಹೊಳೆಯಿಂದ ಊರಿಗೆ ಕಾಲುವೆ ಕಟ್ಟಿದ. ಅಕ್ವೆಡಕ್ಟ್ ಅನ್ನುವ ಡಿಸ್ಟ್ರಿಕ್ಟ್ ಅದಕ್ಕೇ ಇರುವುದು. ಊರಿಗೂ ಹೊಳೆಗೂ ನಡುವಿನ ಆ ಮನೆಯಲ್ಲೇ ಅದು ಕೂತಿತು. ಆಟ ಸೋತ, ಮೂರನೇ ಸ್ಥಾನ. ಮುಂದಿನ ಆಟದಲ್ಲಿ ಸೆಟ್ಲರ್ ಬಂದ ಕೂಡಲೇ ಮೊದಲು ಹುಡುಕಿದ್ದು ಗಾಢ ಹಸಿರು.

ನಾನೂ ನನ್ನ ತಂಗೀನೂ ಒಂದ ಕಂಪ್ಯೂಟರಿನಾಗ ಆಡಬಹುದಾ?

ಆಡಬಹುದು. ಹಾಟ್‌ಸೀಟ್ ಅನ್ನುವ ಬಗೆ ಇದೆ. ನಿನ್ನ ಪಾಳಿ ಮುಗಿದ ಮೇಲೆ ಕುರ್ಚಿ ತಂಗಿಗೆ ಬಿಟ್ಟುಕೊಡಬೇಕು, ಅವಳದು ಮುಗಿದ ಮೇಲೆ ನೀನು. ಸಣ್ಣ ನಕ್ಷೆ, ಆನ್‌ಲೈನ್ ವೇಗ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕಾಯುವವರಿಗೆ ಬೇಸರ. ಅವಳು ಆಡುವಾಗ ಪರದೆ ನೋಡದೆ ಆಚೆ ಹೋಗಿ ಎರಡು ಕಪ್ ಚಹಾ ಮಾಡಿಕೊಂಡು ಬಾ.